ಬತ್ತೀನಿ ಅನ್ನದ ಗೂಢಚಾರ

ಪುಸ್ತಕದ ಬೆನ್ನಿಗೆ ಹಾಕುವ ಕಥಾಸಾರ ಬರೆಯುವುದು ನನ್ನ ಕಸುಬು. ಪತ್ತೇದಾರಿ, ಗೂಢಚಾರ, ಕೊಲೆ, ಏನಾದರೂ ಸರಿ, ರಾಮನಗರದ ಬಾಡಿಗೆ ಮನೆಯಲ್ಲಿ ಕೂತು ಎಂಟು ಹತ್ತು ಸಾಲಿನಲ್ಲಿ ಓದುಗನ ಬಾಯಲ್ಲಿ ನೀರೂರಿಸಿ ಬಿಟ್ಟುಬಿಡುತ್ತೇನೆ. ಊಟ ಬಡಿಸಬಾರದು, ಒಗ್ಗರಣೆಯ ಘಮ ಮಾತ್ರ ಬೀದಿಗೆ ಬಿಡಬೇಕು. ಕೊನೆಯಲ್ಲಿ ಒಂದು ಪ್ರಶ್ನೆ ಇರಲೇಬೇಕು. ಎಷ್ಟೋ ಪುಸ್ತಕಗಳು ಒಳಗೆ ಬರೀ ಟೊಳ್ಳು, ನನ್ನ ಹತ್ತು ಸಾಲೇ ಅವುಗಳ ಮಾನ ಕಾಪಾಡಿವೆ. ಇದನ್ನು ಜಂಬದಿಂದಲೇ ಹೇಳುತ್ತಿದ್ದೇನೆ.

ಈ ಕಸುಬು ನನಗೆ ಕಹಿಯಾದದ್ದು ಒಂದೇ ಸಲ, ನನ್ನ ಅಕ್ಕನೇ ಕಾದಂಬರಿ ಬರೆದಾಗ.

ಅಕ್ಕನನ್ನು ಕೈಲಾಂಚದ ಹತ್ತಿರದ ಒಂದು ಹಳ್ಳಿಗೆ ಕೊಟ್ಟಿದೆ. ಒಂದಿಷ್ಟು ರೇಷ್ಮೆ ಸೊಪ್ಪು, ರಾಗಿ, ಎರಡು ಹಸು. ಮಕ್ಕಳಿಲ್ಲ. ಭಾವ ಬಿಡದಿಯ ಒಂದು ಕಾರ್ಖಾನೆಗೆ ಶಿಫ್ಟಿಗೆ ಹೋಗುತ್ತಿದ್ದರು. ಕೆಲವು ವರ್ಷಗಳ ಕೆಳಗೆ ಒಂದು ಬೆಳಿಗ್ಗೆ ಕೆಲಸಕ್ಕೆಂದು ಹೊರಟವರು ಕಾರ್ಖಾನೆಗೂ ಹೋಗಲಿಲ್ಲ, ಮನೆಗೂ ಬರಲಿಲ್ಲ. ಬೈಕು ಚನ್ನಪಟ್ಟಣದ ರೈಲ್ವೆ ಸ್ಟೇಷನ್ನಿನ ಸ್ಟ್ಯಾಂಡಿನಲ್ಲಿ ಸಿಕ್ಕಿತು, ನೀಟಾಗಿ ಬೀಗ ಹಾಕಿತ್ತು. ಮನೆಯಲ್ಲಿ ಜಗಳವಾಗಿತ್ತಾ ಎಂದು ಪೊಲೀಸರು ಕೇಳಿದರು. ಆಗಿರಲಿಲ್ಲ.

ಅಂದಿನಿಂದ ಅಕ್ಕನ ಅತ್ತೆ ಬಸ್ಸಿನ ಸದ್ದಾದರೆ ಸಾಕು, ಜಗಲಿಗೆ ಬರುತ್ತಿದ್ದರು. ರಾತ್ರಿ ಮಗನ ಪಾಲಿನದೆಂದು ಒಂದು ಮುದ್ದೆ ಹೆಚ್ಚಿಗೆ ಕಟ್ಟಿಸುತ್ತಿದ್ದರು. ಬೆಳಿಗ್ಗೆ ಅದು ಹಸುವಿಗೆ. ಮಗ ಬಂದೇ ಬರುತ್ತಾನೆ ಎನ್ನುವುದೊಂದೇ ಆ ಮುದುಕಿಯ ಜೀವ ಹಿಡಿದಿದೆ ಎಂದು ಅಕ್ಕ ಹೇಳುತ್ತಿದ್ದಳು. ಅದಕ್ಕೇ ಹೂಂಗುಟ್ಟಿಕೊಂಡು ಮನೆ ನಡೆಸುತ್ತಿದ್ದಳು.

ಅಂಥ ಮನೆಯಲ್ಲಿ ಕೂತು ಗೂಢಚಾರನ ಕಥೆ ಬರೆದಿದ್ದಾಳೆಂದರೆ ನನಗೆ ನಗು ಬಂತು. ಓದುತ್ತಾ ಓದುತ್ತಾ ನಗು ನಿಂತಿತು. ಶತ್ರುದೇಶದ ಬೇಹುಗಾರನೊಬ್ಬ ನಮ್ಮ ಕಡೆಯವನಂತೆ ಹಳ್ಳಿಯಲ್ಲಿ ನೆಲೆಸಿ ಮದುವೆಯೂ ಆಗುತ್ತಾನೆ. ಮುದ್ದೆಯನ್ನು ಅಗಿಯದೆ ನುಂಗುತ್ತಾನೆ, ‘ಒಸಿ ತಡ್ಕಳ್ಳಿ’ ಅನ್ನುತ್ತಾನೆ, ರೇಷ್ಮೆ ಹುಳಕ್ಕೆ ಸೊಪ್ಪು ಹಾಕುತ್ತಾನೆ. ಯಾರಿಗೂ ಅನುಮಾನವಿಲ್ಲ. ಕೊನೆಗೆ ದೇಶದ ಗುಟ್ಟನ್ನು ಜೇಬಿಗಿಟ್ಟುಕೊಂಡು ಹೊರಡುವ ಬೆಳಿಗ್ಗೆ ಹೊಸ್ತಿಲಲ್ಲಿ ನಿಂತು ಹೆಂಡತಿಗೆ ‘ಹೋಯ್ತೀನಿ’ ಅಂದುಬಿಡುತ್ತಾನೆ.

ನಮ್ಮ ಸೀಮೆಯಲ್ಲಿ ಮನೆಯಿಂದ ಹೊರಡುವಾಗ ಯಾರೂ ಹಾಗೆ ಅನ್ನುವುದಿಲ್ಲ. ಮೂಲೆಯಂಗಡಿಯಿಂದ ಬೀಡಿ ತರಲು ಹೋಗುವವನೂ ‘ಬತ್ತೀನಿ’ ಅಂತಲೇ ಹೇಳುವುದು. ಮಕ್ಕಳು ಬಾಯಿ ತಪ್ಪಿ ‘ಹೋಯ್ತೀನಿ’ ಅಂದರೆ ಬಾಯಿ ಮೇಲೊಂದು ತಟ್ಟಿ, ‘ಬತ್ತೀನಿ’ ಅನ್ನಿಸಿಯೇ ಕಳಿಸುತ್ತಾರೆ. ಹೋಗುತ್ತೇನೆ ಅಂದರೆ ಹೋಗಿಯೇ ಬಿಡುವವನ ಮಾತು. ಕಾದಂಬರಿಯ ಹೆಂಡತಿಗೆ ಅಷ್ಟು ಸಾಕು. ಅವನ ಬೆನ್ನು ಹತ್ತಿ ಚನ್ನಪಟ್ಟಣದ ಸ್ಟೇಷನ್ನಿನಲ್ಲಿ ಹಿಡಿಯುತ್ತಾಳೆ.

ಇಂಥ ಎಳೆ ಸಿಕ್ಕರೆ ನನ್ನಂಥವನಿಗೆ ಹಬ್ಬ. ಕೂತಲ್ಲೇ ಬರೆದೆ: ‘ಊಟ ಕಲಿತ, ಉಡುಪು ಕಲಿತ, ಮಾತು ಕಲಿತ. ಹೊಸ್ತಿಲು ದಾಟುವಾಗ ಮಾತ್ರ ಬತ್ತೀನಿ ಅನ್ನಲಿಲ್ಲ, ಹೋಯ್ತೀನಿ ಅಂದ. ಅದು ಹೆಂಡತಿಗೆ ಕೇಳಿಸಿತು. ಮುಂದೆ?’ ಖುಷಿ ತಡೆಯದೆ ಪ್ರಕಾಶಕರಿಗೆ ಫೋನಿನಲ್ಲೇ ಓದಿ ಹೇಳಿದೆ. ಭಾವನ ಬೈಕು ಸಿಕ್ಕಿದ ಸ್ಟೇಷನ್ನೇ ಕಥೆಯಲ್ಲಿದೆ ಎನ್ನುವುದೂ ಹೊಳೆಯದಷ್ಟು ಕಸುಬಿನ ಅಮಲು.

ಅಕ್ಕನಿಗೆ ತೋರಿಸಲು ಹಳ್ಳಿಗೆ ಹೋದೆ. ಅವಳು ಓದಿ, ಅತ್ತೆ ಜಗಲಿಯಲ್ಲಿರುವುದನ್ನು ನೋಡಿಕೊಂಡು, ನನ್ನನ್ನು ಹುಳದ ಮನೆಯೊಳಗೆ ಕರೆದಳು. ಹುಳು ಸೊಪ್ಪು ಮೇಯುವ ಸದ್ದು ಬಿಟ್ಟರೆ ಅಲ್ಲಿ ಬೇರೇನೂ ಇರಲಿಲ್ಲ.

“ಇದ್ನ ತೆಗ್ದಾಕ್ಲಾ,” ಅಂದಳು. “ನಿಮ್ ಭಾವ ಅವತ್ತು ಹಂಗೇ ಅಂದ್ರು. ನಾನು ಕೇಳುಸ್ಕೊಂಡೆ. ಕೇಳುಸ್ಕೊಂಡು ಡೇರಿಗೆ ಹಾಲು ಹಾಕಕ್ಕೆ ಹೋದೆ.”

ಕಾದಂಬರಿಯ ಹೆಂಡತಿ ಯಾಕೆ ಅಷ್ಟು ಜೋರಾಗಿ ಓಡುತ್ತಾಳೆಂದು ಆಗ ಗೊತ್ತಾಯಿತು. ಅಕ್ಕ ಈ ಮಾತನ್ನು ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದಳು. ಮಗ ಬೇಕೆಂದೇ ಬಿಟ್ಟುಹೋದ ಎಂದು ತಿಳಿದರೆ ಅತ್ತೆ ಉಳಿಯುವುದಿಲ್ಲ ಎನ್ನುವುದು ಅವಳ ಹೆದರಿಕೆ. ಪುಸ್ತಕದ ಒಳಗೆ ಏನಿದ್ದರೂ ಚಿಂತೆಯಿಲ್ಲ, ಅತ್ತೆಗೆ ಓದು ಬರದು. ಆದರೆ ಬೆನ್ನಿನ ಮೇಲಿದ್ದರೆ ಮನೆಗೆ ಬಂದವರೆಲ್ಲ ಗಟ್ಟಿಯಾಗಿ ಓದುತ್ತಾರೆ.

ನನಗೆ ಭಾವನ ಮೇಲೆ ಕೆಟ್ಟ ಸಿಟ್ಟು ಬಂತು. ಸಾಲುಗಳನ್ನು ಹೊಡೆದುಹಾಕಿ, ಸಂಚು, ದೇಶಪ್ರೇಮ, ರೋಚಕ ತಿರುವು ಎಂದೆಲ್ಲ ಸಪ್ಪೆ ಸಾರು ಬರೆದು ಕಳಿಸಿದೆ. ಇದನ್ನು ಯಾವ ಪುಸ್ತಕಕ್ಕೆ ಬೇಕಾದರೂ ಅಂಟಿಸಬಹುದಲ್ಲಪ್ಪ ಎಂದರು ಪ್ರಕಾಶಕರು. ಆ ಹೊಸ್ತಿಲ ಮಾತು ಹಾಕುವುದಾದರೆ ಸರಿ, ಇಲ್ಲದಿದ್ದರೆ ಮುಂದಿನ ವರ್ಷ ನೋಡೋಣ ಅಂದರು. ಮುಂದಿನ ವರ್ಷ ಎಂದರೆ ಏನರ್ಥವೆಂದು ನನಗೆ ಗೊತ್ತು. ಈ ಪುಸ್ತಕದ ಸಹವಾಸವೇ ಬೇಡ ಎಂದು ಅಕ್ಕನಿಗೆ ಹೇಳಿದೆ. ಕೆಲವು ದಿನಗಳಾದ ಮೇಲೆ ಅವಳೇ ಫೋನು ಮಾಡಿದಳು.

“ಹಾಕ್ಲಾ ಅದ್ನೇ. ಎಷ್ಟು ದಿವಸ ಅಂತ ಮುದ್ದೆ ಹಸುಗೆ ಹಾಕ್ಲಿ?”

ಪುಸ್ತಕ ಬಂದ ಸಂಜೆ ತೆಗೆದುಕೊಂಡು ಹೋದೆ. ಅತ್ತೆ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಕೈಯನ್ನು ಸೆರಗಿಗೆ ಒರೆಸಿಕೊಂಡು ಪುಸ್ತಕವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಹಿಂದುಗಡೆ ಏನು ಬರೆದಿದೆ ಓದು ಮಗ, ಎಂದು ನನ್ನ ಕೈಗೆ ಕೊಟ್ಟು ಮತ್ತೆ ಸುಲಿಯತೊಡಗಿದರು. ನಾನು ಅಕ್ಕನ ಮುಖ ನೋಡಿದೆ. ಇಲ್ಲದ್ದನ್ನು ಇದೆ ಅಂತ ಓದುವುದು ನನಗೆ ಕಷ್ಟವಲ್ಲ, ಅದೇ ನನ್ನ ಅನ್ನ. ಅಕ್ಕ ಬಾಗಿಲಿಗೆ ಒರಗಿ ನಿಂತು, ಇರುವುದನ್ನೇ ಓದು ಅಂದಳು.

ಓದಿದೆ. ಒಂದು ಪದವನ್ನೂ ಬಿಡಲಿಲ್ಲ. ‘ಹೋಯ್ತೀನಿ’ ಬಂದಾಗ ಅತ್ತೆಯ ಕೈ ನಿಂತಿತು. ಕೊನೆಯ ‘ಮುಂದೆ?’ ಓದುವಾಗ ನನ್ನ ಕಸುಬಿನ ಮೇಲೇ ನನಗೆ ಅಸಹ್ಯವಾಯಿತು.

ಅತ್ತೆ ಕೈಯಲ್ಲಿದ್ದ ಕಾಯನ್ನು ಕೆಳಗಿಟ್ಟರು. ಆಮೇಲೆ ಸೊಸೆಯನ್ನು ನೋಡಿದರು.

“ನಂಗೂ ಕೇಳುಸ್ತು ಕಣವ್ವ ಅವತ್ತು. ಒಳ್ಗೆ ಮಲ್ಗಿದ್ದೆ. ನಿಂಗೆ ಕೇಳಿಲ್ಲ ಅನ್ಕೊಂಡು, ನೀನೆಲ್ಲಿ ಎದೆ ಒಡ್ಕೊಂಡೀಯೆ ಅಂತ, ಬತ್ತಾನೆ ಬತ್ತಾನೆ ಅನ್ಕೊಂಡೇ ಬಂದೆ.”

ಅಕ್ಕ ಬಂದು ಅವರ ಪಕ್ಕ ಕೂತಳು. ಇಬ್ಬರೂ ಉಳಿದ ಅವರೆಕಾಯಿ ಸುಲಿದರು. ಕೊನೆಯ ಬಸ್ಸು ಬಂತು, ಹೋಯಿತು. ಯಾರೂ ತಲೆಯೆತ್ತಲಿಲ್ಲ.

ಅವತ್ತು ರಾತ್ರಿ ಅಕ್ಕ ಮೂರೇ ಮುದ್ದೆ ಕಟ್ಟಿದಳು. ನಾವೂ ಮೂವರೇ ಇದ್ದೆವು.