ಮಾಸ್ತರರ ಮೇಜಿನ ಐದನೆಯ ಎಸಳು

ಮೇಜಿಗೆ ಹೆದರುವ ಮನುಷ್ಯನನ್ನು ನೀವು ನೋಡಿರಲಿಕ್ಕಿಲ್ಲ. ನಾನಿದ್ದೇನೆ. ದನದ ಡಾಕ್ಟರಾಗಿ ಹಾನಗಲ್ಲು, ಶಿಗ್ಗಾಂವಿ, ಸವಣೂರು ಎಂದು ತಿರುಗಿ, ಕೊನೆಗೆ ಹಿರೇಕೆರೂರಿನಲ್ಲಿ ನಿವೃತ್ತನಾಗಿ ಅಲ್ಲೇ ಮನೆ ಕಟ್ಟಿಕೊಂಡವನು. ಅಡ್ಡ ಸಿಕ್ಕಿಕೊಂಡ ಕರುವನ್ನು ಎಳೆಯಲು ಎಮ್ಮೆಯ ಹೊಟ್ಟೆಯೊಳಗೆ ಭುಜದವರೆಗೆ ತೂರಿಸಿದಾಗಲೂ ನಡುಗದ ಕೈ, ಕಳೆದ ವರ್ಷ ಒಂದು ಮೇಜಿನ ಖಾನೆ ಎಳೆಯುವಾಗ ನಡುಗಿತು.

ಮೇಜು ನನ್ನದಲ್ಲ. ನನ್ನದಾಗಿದ್ದರೆ ಇಷ್ಟು ಬರೆಯುವ ಕಷ್ಟವೂ ಇರುತ್ತಿರಲಿಲ್ಲ. ಅದು ಸವಣೂರಿನ ದಸ್ತಗೀರ ಮಾಸ್ತರರದು. ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದವರು; ನಾನು ಆ ಊರಲ್ಲಿದ್ದಾಗ ಅವರ ಆಡಿನ ಹೊಟ್ಟೆಯುಬ್ಬರ ಇಳಿಸಿದ್ದರಿಂದ ಶುರುವಾದ ಸ್ನೇಹ. ಮೇಜನ್ನು ಅವರ ಅಜ್ಜನಿಗೆ ಯಾರೋ ದೊಡ್ಡ ಮನೆತನದವರು ಕೊಟ್ಟರಂತೆ. ಫ್ರಾನ್ಸಿನಿಂದ ಹಡಗಿನಲ್ಲಿ ಮುಂಬಯಿಗೆ, ಅಲ್ಲಿಂದ ರೈಲಿನಲ್ಲಿ, ಆಮೇಲೆ ಚಕ್ಕಡಿಯಲ್ಲಿ ಸವಣೂರಿಗೆ ಬಂತಂತೆ. ಮಾಸ್ತರರು ಹೇಳಿದಾಗಲೊಮ್ಮೆ ಚಕ್ಕಡಿಗಳ ಸಂಖ್ಯೆ ಬದಲಾಗುತ್ತದೆ, ಫ್ರಾನ್ಸು ಮಾತ್ರ ಬದಲಾಗಿಲ್ಲ. ಅವರ ಮಣ್ಣಿನ ಮಾಳಿಗೆ ಸೋರಲು ಹತ್ತಿದ್ದರಿಂದ, ಅದನ್ನು ಕೆಡವಿ ಸ್ಲ್ಯಾಬ್ ಹಾಕಿಸುವವರೆಗೆ ಮೇಜು ನಮ್ಮ ಮನೆಯಲ್ಲಿರಲಿ ಎಂದು ತಂದಿಟ್ಟರು.

"ನಿಮ್ಮ ಕೈಯಾಗ ಎಷ್ಟೋ ಜೀವ ಉಳದಾವ ಡಾಕ್ಟರ, ಇದೂ ಒಂದು ಜೀವ ಅಂತ ತಿಳೀರಿ" ಅಂದರು. ಆ ಮಾತು ಕಿವಿಗೆ ಬಿದ್ದ ಗಳಿಗೆಯಿಂದ ನನ್ನ ನೆಮ್ಮದಿ ಹೋಯಿತು.

ದೊಡ್ಡ ಮೇಜೇನಲ್ಲ. ಕಾಲುಗಳು ಆಡಿನ ಹಿಂಗಾಲಿನಂತೆ ಸಣ್ಣಗೆ ಬಾಗಿವೆ. ಆದರೆ ಮೈತುಂಬ ಚಿತ್ತಾರ. ಬಣ್ಣ ಬಳಿದದ್ದಲ್ಲ, ಕೆತ್ತಿದ್ದೂ ಅಲ್ಲ. ಹಳದಿ, ಕೆಂಪು, ಕಪ್ಪು ಮರಗಳನ್ನು ತೆಳ್ಳಗೆ ಸೀಳಿ, ಎಲೆ, ಬಳ್ಳಿ, ಹೂವಿನ ಆಕಾರಕ್ಕೆ ಕತ್ತರಿಸಿ, ಒಂದರ ಪಕ್ಕ ಒಂದನ್ನು ಕೂದಲೂ ತೂರದಂತೆ ಕೂಡಿಸಿ ಅಂಟಿಸಿದ್ದು. ಬಿಳಿ ಹೂಗಳು ಮಾತ್ರ ಮರದವಲ್ಲ. ಬಂದವರೆಲ್ಲ ದಂತ ಅನ್ನುತ್ತಿದ್ದರು. ನಾನು ನೋಡಿದ ಕೂಡಲೇ ಹೇಳಿದೆ, ಎತ್ತಿನ ಕಾಲೆಲುಬು. ದಂತವನ್ನು ಅಡ್ಡ ಕೊಯ್ದರೆ ಗೆರೆಗಳು ಬಲೆಯಂತೆ ಹೆಣೆದುಕೊಂಡಿರುತ್ತವೆ. ಎಲುಬಿನಲ್ಲಾದರೆ ಒಂದು ಕಾಲಕ್ಕೆ ರಕ್ತ ಹರಿದ ಸಣ್ಣ ಸಣ್ಣ ಚುಕ್ಕೆಗಳು ಉಳಿದಿರುತ್ತವೆ. ಹಳೆಯ ಕಾಲದ ಅಂಟಾದರೂ ಏನು? ದನದ ಚರ್ಮ ಕುದಿಸಿ ತೆಗೆದದ್ದು. ಅಂದರೆ ಫ್ರೆಂಚರ ಅಷ್ಟೆಲ್ಲ ವೈಯಾರವನ್ನು ಇಷ್ಟು ದಿನ ಹಿಡಿದು ನಿಲ್ಲಿಸಿದ್ದು ನನ್ನ ರೋಗಿಗಳ ಬಳಗವೇ. ಈ ಜ್ಞಾನದಿಂದ ಹೆಮ್ಮೆಯಾಯಿತೇ ಹೊರತು ಧೈರ್ಯ ಬರಲಿಲ್ಲ. ಯಾಕೆಂದರೆ ಆ ಅಂಟಿಗೆ ಥಂಡಿಯೂ ಆಗದು, ಬಿಸಿಲೂ ಆಗದು. ನಮ್ಮ ಸೀಮೆಯಲ್ಲಿ ಇವೆರಡನ್ನು ಬಿಟ್ಟು ಮೂರನೆಯದಿಲ್ಲ.

ಬರೆಯುವ ಮೇಜು ಮನೆಗೆ ಬಂದರೂ ಅದರ ಮೇಲೆ ನಾನು ಒಂದಕ್ಷರ ಬರೆಯಲಿಲ್ಲ. ನೌಕರಿಯಲ್ಲಿದ್ದಾಗ ಸರ್ಟಿಫಿಕೇಟುಗಳನ್ನು ಚಕ್ಕಡಿಯ ಹಲಗೆಯ ಮೇಲೆ, ಜೀಪಿನ ಬಾನೆಟ್ಟಿನ ಮೇಲೆ, ಒಮ್ಮೆ ಹಂಸಭಾವಿಯಲ್ಲಿ ಸಾಧು ಎಮ್ಮೆಯೊಂದರ ಬೆನ್ನ ಮೇಲೂ ಬರೆದಿದ್ದೇನೆ. ಮೇಜಿನ ಮುಂದೆ ಮಾತ್ರ ಪೆನ್ನಿನ ಟೋಪಿ ತೆಗೆಯಲೂ ಅಂಜಿಕೆ. ಚಹಾದ ಕಪ್ಪು ಹಿಡಿದವರು ಆ ಕೋಣೆಯ ಹೊಸ್ತಿಲು ದಾಟುವಂತಿರಲಿಲ್ಲ. ಮುಟ್ಟಿ ನೋಡುವುದು, ಮೂಸಿ ನೋಡುವುದು, ಕಿಟಕಿ ಮುಚ್ಚುವುದು, ಉಸಿರುಗಟ್ಟೀತೆಂದು ಮತ್ತೆ ತೆಗೆಯುವುದು.

"ಏನ್ರೀ, ಅದು ಮೇಜೋ, ಗಬ್ಬದ ಎಮ್ಮಿಯೋ? ಗಳಿಗಿಗೊಮ್ಮೆ ಹೋಗಿ ನೋಡಿ ಬರ್ತೀರಿ!" ಅಂದಳು ನನ್ನ ಹೆಂಡತಿ ಶಾರದಾ.

ಧೂಳು ಬೀಳಬಾರದೆಂದು ಕೊನೆಗೆ ಅದಕ್ಕೊಂದು ಕಂಬಳಿ ಹೊದಿಸಿದೆ. ನನ್ನ ಕಾಳಜಿ ನನಗೇ ತಿರುಗಿ ಬಿದ್ದದ್ದು ಇಲ್ಲಿ. ಮಳೆಗಾಲ ಮುಗಿದು ಒಣಗಾಳಿ ಬೀಸಲು ಹತ್ತಿದಾಗ ಬಿಳಿ ಹೂವೊಂದರ ಎಸಳು ತುದಿಯಲ್ಲಿ ಎದ್ದಿತ್ತೆಂದು ಕಾಣುತ್ತದೆ. ಒರಟು ಉಣ್ಣೆಗೆ ಅದು ಸಿಕ್ಕಿಕೊಂಡಿದೆ. ನಾನು ಕಂಬಳಿ ಸರ್ರನೆ ಎಳೆದು, ಅಂಗಳಕ್ಕೊಯ್ದು, ಚೆನ್ನಾಗಿ ಝಾಡಿಸಿದೆ. ಒಳಗೆ ಬಂದು ನೋಡಿದರೆ ಐದೆಸಳಿನ ಹೂವಿಗೆ ನಾಲ್ಕೇ ಎಸಳು.

ಅಂಗಳದಲ್ಲಿ ಮೊಣಕಾಲೂರಿ ಹುಡುಕಿದೆ. ಪಕ್ಕದ ಮನೆಯ ಕೋಳಿಯೊಂದು ಅಲ್ಲೇ ಕೆದರುತ್ತಿತ್ತು. ಗಟ್ಟಿ ಚೂರು ಕಂಡರೆ ಕೋಳಿ ನುಂಗುವುದು ಅದರ ಧರ್ಮ. ಆ ಚೂರು ಅದರ ಹೊಟ್ಟೆಯಲ್ಲಿ ಯಾವ ಚೀಲದಲ್ಲಿ ಕೂತಿರುತ್ತದೆಂಬುದು ನನಗೆ ಗೊತ್ತು. ಎರಡು ದಿನ ಆ ಕೋಳಿಯನ್ನು ನಾನು ವೈದ್ಯನ ಕಣ್ಣಿನಿಂದ ನೋಡಲಿಲ್ಲ ಎಂದಷ್ಟೇ ಹೇಳುತ್ತೇನೆ.

ಮೂರನೆಯ ದಿನ ಮಾಸ್ತರರ ಫೋನು. "ಸ್ಲ್ಯಾಬ್ ಮುಗೀತ್ರಿ ಡಾಕ್ಟರ. ಮುಂದಿನ ಐತವಾರ ಬಂದು ನೋಡಿ ಹೋಗ್ತೇನಿ, ಆಮ್ಯಾಲೆ ಗಾಡಿ ಮಾಡಿ ಒಯ್ದರಾತು."

ಎಸಳು ಹೋಯಿತೆಂದು ಆಗಲೇ ಹೇಳಿಬಿಡಬಹುದಿತ್ತು. ಬಾಯಿ ಬರಲಿಲ್ಲ. ಮಾಸ್ತರರು ಸಿಟ್ಟಾಗುತ್ತಾರೆಂಬ ಭಯವಿರಲಿಲ್ಲ. ಸಿಟ್ಟಾದರೆ ನಾನೂ ಸಿಟ್ಟಾಗಿ ಸರಿಮಾಡಿಕೊಳ್ಳಬಹುದು. "ಇರ್ಲಿ ಬಿಡ್ರಿ" ಅಂದುಬಿಡುತ್ತಾರೆ, ಮತ್ತೆಂದೂ ನನ್ನನ್ನು ನಂಬಿ ಏನನ್ನೂ ಕೊಡುವುದಿಲ್ಲ, ಎಂಬ ಭಯ. ಈ ವಯಸ್ಸಿನಲ್ಲಿ ಹೊಸ ಗೆಳೆಯರು ಸಿಗುವುದಿಲ್ಲ.

ನನ್ನ ಹತ್ತಿರ ಕಾಲೇಜಿನ ದಿನಗಳಿಂದ ಎತ್ತಿನ ಕಾಲೆಲುಬಿನ ತುಂಡೊಂದಿದೆ. ಶಾರದಾ ಅದನ್ನು ಪಡಸಾಲೆಯಿಂದ ಒಳಗೆ ಬಿಟ್ಟವಳಲ್ಲ. ಅದನ್ನು ಗರಗಸದಿಂದ ಕೊಯ್ದೆ, ಕಾನಸು ಹಾಕಿ ಸವೆಸಿದೆ, ಮರಳು ಕಾಗದದಿಂದ ಉಜ್ಜಿದೆ. ನಾನು ಮಾಡಿದ ಮೊದಲ ನಾಲ್ಕು ಎಸಳುಗಳು ಮುರಿದವು, ಇಲ್ಲವೇ ಬದನೆಬೀಜದಂತಾದವು. ಐದನೆಯದು ಕೂತಿತು. ಹಳೆಯದರಷ್ಟು ಹಳದಿ ಬರಲೆಂದು ಚಹಾದಲ್ಲಿ ನೆನೆಯಿಟ್ಟೆ. ಬಡಿಗೇರನ ಹತ್ತಿರ ಅಂಟು ತಂದು ಕೂಡಿಸಿ, ಮೇಲೆ ಇಕ್ಕಳದಂತೆ ಹೆಬ್ಬೆರಳೊತ್ತಿ ಅರ್ಧ ತಾಸು ಕೂತೆ. ಶಾರದಾ ಬಂದು ನೋಡಿ, ಯಾವುದು ಹೊಸದೆಂದು ನನ್ನನ್ನೇ ಕೇಳಿದಳು. ಹೆರಿಗೆ ಮಾಡಿಸಿದಾಗಲೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ. ಆ ಸಂತೋಷ ಒಂದು ಊಟದ ಹೊತ್ತಿನವರೆಗೂ ಬಾಳಲಿಲ್ಲ. ಮೊದಲು ಕಳೆದ ತಪ್ಪೊಂದೇ ಇತ್ತು, ಈಗ ಮುಚ್ಚಿದ ತಪ್ಪೂ ಸೇರಿಕೊಂಡಿತು.

ಐತವಾರ ಮಾಸ್ತರರು ಬಂದರು. ಕನ್ನಡಕ ಒರೆಸಿ, ಬಾಗಿ, ಮೇಜಿನ ಮೇಲೆ ನಿಧಾನವಾಗಿ ಬೆರಳಾಡಿಸಿದರು. ನಾನು ಕುರ್ಚಿಯಲ್ಲಿ ಬೆವರುತ್ತಿದ್ದೆ. ಬೆರಳು ನೇರವಾಗಿ ಬಂದು ನನ್ನ ಎಸಳಿನ ಮೇಲೆ ನಿಂತಿತು.

"ಅಕ್ಕಾರ, ಸ್ವಲ್ಪ ಇಲ್ಲೆ ಬರ್ರಿ" ಎಂದು ಶಾರದಾಳನ್ನು ಕರೆದರು. "ಈ ಎಸಳು ನೋಡ್ರಿ. ಎಂಥಾ ಕೈ ಇರಬೇಕು! ಇಡೀ ಮೇಜಿನ್ಯಾಗ ಇಷ್ಟು ಛಂದ ಕುಂತದ್ದು ಇನ್ನೊಂದಿಲ್ಲ. ಆ ಫ್ರಾನ್ಸಿನಾವ ಭಾರಿ ಕಲಾವಿದ ಬಿಡ್ರಿ."

"ಹೌದ್ರಿ ಮಾಸ್ತರ" ಎಂದ ಶಾರದಾ ಸೆರಗನ್ನು ಬಾಯಿಗೆ ಹಿಡಿದು ಅಡುಗೆಮನೆಗೆ ಓಡಿದಳು.

ಬಚಾವಾದೆ ಎಂದು ನಾನು ಉಸಿರು ಬಿಡಬೇಕಿತ್ತು. ಬಿಟ್ಟೆ ಕೂಡ. ಅದರ ಬೆನ್ನಿಗೇ ಇನ್ನೊಂದು ಯೋಚನೆ ಬಂತು. ನನ್ನ ಜನ್ಮದಲ್ಲಿ ನಾನು ಮಾಡಿದ ಒಂದೇ ಒಂದು ಕಲಾಕೃತಿ; ಅದರ ಹೊಗಳಿಕೆ ಎಂದೋ ಸತ್ತ ಫ್ರೆಂಚನೊಬ್ಬನ ಪಾಲಾಗುತ್ತಿದೆ! ಅವನಿಗೆ ಎತ್ತಿನ ಎಲುಬಿನ ಬಗ್ಗೆ ನನ್ನಷ್ಟು ಗೊತ್ತಿತ್ತೇ?

"ಮಾಸ್ತರ, ಅದು ನಾ ಮಾಡಿದ್ದುರಿ!" ಅಂದುಬಿಟ್ಟೆ. ಆಮೇಲೆ ಕಂಬಳಿ, ಕೋಳಿ, ಚಹಾ ಎಲ್ಲವೂ ತಾನಾಗಿ ಹೊರಬಂತು. ಪ್ರಾಮಾಣಿಕತೆಯಿಂದ ಹೇಳಿದೆ ಎಂದು ಬರೆಯಲು ಆಸೆಯೇನೋ ಇದೆ. ನಿಜ ಹೇಳಿಸಿದ್ದು ಹೊಟ್ಟೆಕಿಚ್ಚು.

ಮಾಸ್ತರರು ಎಲ್ಲ ಕೇಳಿಸಿಕೊಂಡು ಮೆಲ್ಲಗೆ ನಕ್ಕರು. "ಬೆರಳಿಗೆ ಹತ್ತಿದ ಕೂಡ್ಲೆ ನಂಗ ಗೊತ್ತಾತ್ರಿ, ಡಾಕ್ಟರ. ಇಡೀ ಜೀವನ ಸಾಲ್ಯಾಗ ಕಳದೇನಿ. ಗ್ವಾಡಿ ಮ್ಯಾಲೆ ಯಾರು ಚಿತ್ರ ಬರದ್ರು ಅಂತ ಕೋಲು ಹಿಡಕೊಂಡು ಕೇಳಿದ್ರ ಒಬ್ಬರೂ ಬಾಯಿ ಬಿಡೂದಿಲ್ಲ. ಚಿತ್ರ ಭಾಳ ಛಲೋ ಐತಿ ಅಂದು ಸುಮ್ನ ನಿಂತ್ರ ಸಾಕು, ಬರದಾವ ತಾನ ಎದ್ದು ನಿಲ್ತಾನ."

ಆಗ ನೋಡಿಕೊಂಡೆ. ನಾನು ಕುರ್ಚಿಯಿಂದ ಎದ್ದು, ಕೈ ಕಟ್ಟಿಕೊಂಡು ನಿಂತಿದ್ದೆ.

ಇಷ್ಟಾದರೂ ನಾಲಿಗೆ ಸುಮ್ಮನಿರಬೇಕಲ್ಲ. "ಅಂದ್ರ, ಛಂದ ಐತಿ ಅಂದದ್ದು ಸುಳ್ಳೇನ್ರಿ?" ಎಂದು ಕೇಳಿದೆ.

ಮಾಸ್ತರರು ಕನ್ನಡಕ ಏರಿಸಿ ಇನ್ನೊಮ್ಮೆ ಬಾಗಿದರು. ಬಹಳ ಹೊತ್ತು ನೋಡಿದರು.

"ಬಲಗಡಿ ಹೂವಿಂದೂ ಒಂದು ಎಸಳು ಅಲ್ಲಾಡಾಕತ್ತೈತಿ, ಅದನ್ನೂ ನೀವ ಕೂಡಿಸಿ ಕೊಡ್ರಿ" ಅಂದರು. "ಇದಕ್ಕ ಹತ್ತಕ್ಕ ಏಳು. ಕುಂಡ್ರಿ."