ದೊಡ್ಡಮ್ಮನ ಮಾತಿಗೊಬ್ಬ ದುಭಾಷಿ

ಧಪ್, ಧಪ್ ಎಂದು ಮರದ ಕೊಡತಿಯ ಸದ್ದು ಬೆಳಗಿನಿಂದ ಬೇಲಿಯಾಚೆ ಕೇಳುತ್ತಿತ್ತು. ಮ್ಯೊಂಗ್‌ಸುನ್ ಅತ್ತೆಯ ಅರವತ್ತರ ಔತಣಕ್ಕೆ ಬೇಯಿಸಿದ ಅಂಟಕ್ಕಿಯನ್ನು ಕುಟ್ಟುತ್ತಿದ್ದರು. ಕೊಡತಿ ಮೇಲೆದ್ದಾಗಲೆಲ್ಲ ಒದ್ದೆ ಕೈಯಿಂದ ಮುದ್ದೆಯನ್ನು ಮಗುಚಿಹಾಕುತ್ತಿದ್ದವರು ಪಕ್ಕದ ಮನೆಯ ಶೂಲಾನ್ ಅತ್ತೆ.

ಚೀನಾದ ಯಾನ್‌ಬಿಯಾನ್‌ನ ನಮ್ಮ ಕೊರಿಯನ್ ಹಳ್ಳಿಯಲ್ಲಿ ಅವರದೊಂದೇ ಹಾನ್ ಚೀನೀ ಮನೆ. ಅವರ ಕೊರಿಯನ್ ಮಾತ್ರ ನಮ್ಮ ಅಜ್ಜಿಯರ ಕೊರಿಯನ್, ಬೈಗುಳ ಸಮೇತ. ಮ್ಯೊಂಗ್‌ಸುನ್ ಅತ್ತೆ ಶೂಲಾನ್ ಅತ್ತೆಯನ್ನು ಬಾಯ್ತುಂಬ ಅಕ್ಕ ಎನ್ನುತ್ತಿದ್ದರು. ಮ್ಯೊಂಗ್‌ಸುನ್ ಅತ್ತೆಯ ಮಗ ಚೊಲ್‌ಹೊ ಚೀನೀ ಕಲಿತದ್ದೇ ಶೂಲಾನ್ ಅತ್ತೆಯ ಅಡುಗೆಮನೆಯಲ್ಲಿ, ದೊಡ್ಡಮ್ಮ ದೊಡ್ಡಮ್ಮ ಎಂದು ತೋಳು ಜಗ್ಗುತ್ತ. ಆ ಭಾಷೆಯಿಂದ ಅವನಿಗೆ ದಕ್ಷಿಣ ಕೊರಿಯಾದ ಸೋಲ್ ನಗರದ ಕಂಪನಿಯಲ್ಲಿ ಕೆಲಸ ಸಿಕ್ಕಿತು, ಕೆಲಸದಿಂದ ಅಲ್ಲಿಯವಳೇ ಆದ ಹೆಂಡತಿ.

ಔತಣದಲ್ಲಿ ಮಕ್ಕಳ ನಂತರ ಒಡಹುಟ್ಟಿದವರು ಬಟ್ಟಲಿಗೆ ಮದ್ಯ ತುಂಬಿ ಹರಸಬೇಕು. ಮ್ಯೊಂಗ್‌ಸುನ್‌ಗೆ ಒಡಹುಟ್ಟಿದವರಿಲ್ಲ.

"ಆ ಬಟ್ಟಲು ನಂದು. ಯಾರಾದ್ರೂ ಮುಟ್ಟಿ ನೋಡಲಿ, ಕೈಗೇ ಕೊಡತಿ ಹಾಕ್ತೀನಿ!" ಎಂದು ಶೂಲಾನ್ ಅತ್ತೆ ಕುಟ್ಟುವವರನ್ನು ನಗಿಸಿದ್ದರು.

ಮಧ್ಯಾಹ್ನ, ಸೋಲ್‌ನಿಂದ ಬಂದ ಬೀಗರ ಮುಂದೆ, ಚೊಲ್‌ಹೊ ಮೈಕ್ ಹಿಡಿದ. "ಈಗ ನಮ್ಮ ಹಾನ್ ಅತಿಥಿಯೊಬ್ಬರು ಮಾತನಾಡುತ್ತಾರೆ."

ಅತಿಥಿ! ದೊಡ್ಡಮ್ಮ ಎಂಬ ಪದ ಅವನಿಗೆ ಯಾವ ಭಾಷೆಯಲ್ಲೂ ಸಿಗಲಿಲ್ಲವೇ?

ಶೂಲಾನ್ ಅತ್ತೆ ಬಟ್ಟಲು ತುಂಬಿ ಕೊರಿಯನ್‌ನಲ್ಲೇ ಹೇಳಿದರು. "ಲೇ ಮ್ಯೊಂಗ್‌ಸುನ್, ಹಲ್ಲು ಗಟ್ಟಿ ಇಟ್ಕೊಳ್ಳೇ. ನನ್ ಜೊತೆ ಇನ್ನೂ ಜೋಳದ ತೆನೆ ಕಡೀಬೇಕು ನೀನು."

ಚೊಲ್‌ಹೊ ಬೀಗರತ್ತ ತಿರುಗಿ ನಕ್ಕ. "ಅಮ್ಮನವರು ಆರೋಗ್ಯದಿಂದ ಬಾಳಲಿ ಎಂದು ಅತಿಥಿಗಳು ಹಾರೈಸುತ್ತಿದ್ದಾರೆ."

ಕೊರಿಯನ್ ಮಾತನ್ನು ಕೊರಿಯನ್ನರಿಗೆ ಕೊರಿಯನ್‌ನಲ್ಲಿ ಅನುವಾದಿಸಿದ. ಬೀಗಿತ್ತಿ ಚಪ್ಪಾಳೆ ತಟ್ಟಿದಳು. "ಅಬ್ಬ, ಅವರಿಗೂ ಸ್ವಲ್ಪ ಬರುತ್ತಾ!"

ನಾವು ಊರಿನವರೆಲ್ಲ ತಟ್ಟೆ ನೋಡುತ್ತ ಕುಳಿತಿದ್ದೆವು.

"ಅವನು ಹಾಗಿರಲಿ," ಎಂದರು ಶೂಲಾನ್ ಅತ್ತೆ. "ನಿಂಗೆ ಅರ್ಥ ಆಯ್ತೇನೇ? ನೀನ್ ಹೇಳು. ನಾನು ಯಾರು ಅಂತ ಇವರಿಗೆ ಹೇಳು."

ಮ್ಯೊಂಗ್‌ಸುನ್ ರೇಷ್ಮೆ ಉಡುಪಿನ ದಾರದ ಗಂಟನ್ನು ಸರಿಮಾಡಿಕೊಂಡರು. ಬೀಗರತ್ತ ಒಮ್ಮೆ ನೋಡಿದರು. "ಚೊಲ್‌ಹೊ ಚೆನ್ನಾಗೇ ಹೇಳ್ದನಲ್ಲ... ಕೂತ್ಕೊಳ್ಳಿ."

ಅಕ್ಕ ಎನ್ನಲಿಲ್ಲ. ಕೂತ್ಕೊಳ್ಳಿ ಎಂದರು, ಬಹುವಚನದಲ್ಲಿ, ಪರರಿಗೆ ಹೇಳುವಂತೆ.

ಶೂಲಾನ್ ಅತ್ತೆ ತುಂಬಿದ ಬಟ್ಟಲನ್ನು ಒಂದು ಹನಿಯೂ ಚೆಲ್ಲದಂತೆ ಕೆಳಗಿಟ್ಟರು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ, ತಿರುಗಿ ನೋಡದೆ, ಅದೇ ಅಜ್ಜಿಯರ ಕೊರಿಯನ್‌ನಲ್ಲಿ ಗಟ್ಟಿಯಾಗಿ ಹೇಳಿದರು. "ಆಗ್ಲಮ್ಮ. ನಾಳೆ ಬೇಲಿ ಹತ್ರ ನಿಂತು ನನ್ನ ಕೂಗ್ಬೇಕು ಅನ್ಸಿದ್ರೆ ನೀನು ಬರ್ಬೇಡ, ಅವನನ್ನೇ ಕಳ್ಸು, ಅವನೇ ಬಂದು ನಂಗೆ ನಿನ್ ಮಾತು ಅನುವಾದ ಮಾಡಿ ಹೇಳ್ಲಿ..." ಎನ್ನುತ್ತ ಅಂಗಳ ದಾಟಿ, ಬೇಲಿಯ ಸಂದಿಯಲ್ಲಿ ನುಗ್ಗಿ ತಮ್ಮ ಮನೆ ಸೇರಿದರು.