ಹಿಂದಿನ ಸೀಟಿನ ಗಣಿತ

ಪುಟ್ಟಸ್ವಾಮಿ ಮೇಷ್ಟ್ರ ಪ್ಯಾಂಟಿನ ಬಲಮೊಣಕಾಲಿನ ಮೇಲೆ ಸದಾ ಮಜ್ಜಿಗೆಯ ಕಲೆ ಇರುತ್ತಿತ್ತು. ಅರಕಲಗೂಡಿನ ಕಾಲೇಜಿನಲ್ಲಿ ಅವರು ಗಣಿತ, ನಾನು ಕನ್ನಡ. ಹೊಳೆನರಸೀಪುರದಿಂದ ಇಬ್ಬರೂ ದಿನಾ ಒಂದೇ ಖಾಸಗಿ ಬಸ್ಸಿಗೆ ಹೋಗುತ್ತಿದ್ದೆವು. ಅವರು ತುಂಬಿದ ಮಜ್ಜಿಗೆ ಲೋಟ ಹಿಡಿದು ಬೇಕೆಂದೇ ಕೊನೇ ಸೀಟಿನಲ್ಲಿ ಕೂರುತ್ತಿದ್ದರು. ಅದೇ ಅವರ ಪಿಎಚ್.ಡಿ.

“ಸ್ಪೀಡಿಂದ ಏನೂ ಆಗಕಿಲ್ಲ ಕಣ್ಲಾ,” ಎನ್ನುತ್ತಿದ್ದರು. “ಸ್ಪೀಡು ಬದಲಾಯ್ತದೆ. ಆ ಬದಲಾವಣೇನೂ ಬದಲಾಯ್ತದಲ್ಲ, ಒಟ್ಟೆ ತೊಳಸಾದು, ಮಜ್ಜಿಗೆ ಚೆಲ್ಲಾದು ಅದ್ಕೆ.” ಬಸ್ಸಿನ ಅಂಥ ಕುಲುಕಾಟವನ್ನೆಲ್ಲ ಕೂಡಿಸಬೇಕು, ಹಿಂದಿನ ಸೀಟಿನ ಕುಲುಕಿಗೆ ತೂಕ ಹೆಚ್ಚು. ಚೆಲ್ಲುವ ಮಜ್ಜಿಗೆ ಆ ಮೊತ್ತದ ಇಂತಿಷ್ಟು ಪಟ್ಟನ್ನು ಎಂದೂ ಮೀರದು. ಆ ‘ಇಂತಿಷ್ಟು’ ಎಷ್ಟು? “ನೂರು ಪಟ್ಟು ಅಂತ ದನ ಕಾಯೋನೂ ಏಳ್ತಾನೆ. ಕೂದಲೆಳೆಯಷ್ಟು ಇಳಿಸಿದ್ರೂ ಸುಳ್ಳಾಗ್ಬೇಕು, ಅದು ಲೆಕ್ಕ!”

ಲೆಕ್ಕ ಸಿಕ್ಕಿತ್ತು. ಅದನ್ನು ಮುಟ್ಟಿ ತೋರಿಸುವ, ಅಂದರೆ ಸರಿಯಾಗಿ ಅಷ್ಟೂ ಮಜ್ಜಿಗೆ ಚೆಲ್ಲಿಸುವ ಡ್ರೈವರ್ ಬೇಕಿತ್ತು. ಜವರಪ್ಪ ಬಂದ. ಅವನು ಬ್ರೇಕು ಒತ್ತುತ್ತಿರಲಿಲ್ಲ, ಮೆಟ್ಟುತ್ತಿದ್ದ. ಮೊದಲ ರಸ್ತೆಯುಬ್ಬಿಗೇ ಲೋಟ ಬರಿದಾಯಿತು. ಮೇಷ್ಟ್ರು ಎದ್ದು ನಿಂತು ಅವನ ಬೆನ್ನಿಗೆ ಕೈಮುಗಿದರು. ಪ್ರಬಂಧದ ಕೊನೆಯ ಅಧ್ಯಾಯ ಪೂರಾ ಜವರಪ್ಪನೇ. ತಿಂಗಳ ಕೊನೆಯೊಳಗೆ ಒಪ್ಪಿಸದಿದ್ದರೆ ನೋಂದಣಿ ರದ್ದು, ಆಮೇಲೆ ಡಾಕ್ಟರೇಟನ್ನು ಮರೆತೇಬಿಡಬೇಕು.

ಅಷ್ಟರಲ್ಲಿ ಬಸ್ಸಿನ ಮಾಲೀಕರು ಜವರಪ್ಪನನ್ನು ಚನ್ನರಾಯಪಟ್ಟಣದ ರೂಟಿಗೆ ಹಾಕುತ್ತಾರೆಂಬ ಸುದ್ದಿ ಬಂತು. ಮೇಷ್ಟ್ರು ಗಾಬರಿಬಿದ್ದು ಕಾಗದ ಬರೆದರು: ‘ಇವರಿಗಿಂತ ಕೆಟ್ಟದಾಗಿ ಬಸ್ಸು ಓಡಿಸುವವರು ಭೂಮಿಯ ಮೇಲಿಲ್ಲವೆಂದು ಸಾಧಿಸಿದ್ದೇನೆ. ದಯವಿಟ್ಟು ಬದಲಿಸಬೇಡಿ.’ ಮಾಲೀಕರು ಮೊದಲ ವಾಕ್ಯ ಓದಿಯೇ ಜವರಪ್ಪನನ್ನು ಮನೆಗೆ ಕಳಿಸಿದರು. ಅವನು ಸೀದಾ ಸ್ಟಾಫ್ ರೂಮಿಗೆ ಬಂದ.

“ಒಟ್ಟೆ ಮ್ಯಾಲೆ ಒಡುದ್ಬುಟ್ರಲ್ಲಾ ಸಾ. ನಾನೇನ್ ಮಾಡಿದ್ದೆ ನಿಮ್ಗೆ?”

ಮೇಷ್ಟ್ರ ಮುಖ ನೋಡಲಾಗಲಿಲ್ಲ. ನಾಲ್ಕು ದಿನ ರಜೆ ಹಾಕಿ ಐದನೆಯ ದಿನ ಬಂದರು.

“ತಪ್ಪಾಗೈತೆ ಕಣ್ಲಾ. ಲೆಕ್ಕ ಸರಿ, ಆದ್ರೆ ಅದ್ನ ಮುಟ್ಟೋನು ಯಾರೂ ಇಲ್ಲ. ಅತ್ರತ್ರ ಓಗ್ಬೋದು, ಅಷ್ಟೆಯ. ಎಂಥ ಕೆಟ್ಟ ಡ್ರೈವರ್ ತಂದ್ರೂ ಅವನ್ಗಿಂತ ಕೆಟ್ಟೋನು ಒಬ್ಬ ಇದ್ದೇ ಇರ್ತಾನೆ.”

ಕೊನೆಯ ಅಧ್ಯಾಯ ಬಿದ್ದುಹೋಗಿತ್ತು. ತಿಂಗಳು ಮುಗಿಯಲು ಎರಡೇ ದಿನ. ಹಾಗೇ ಒಪ್ಪಿಸಿಬಿಡಿ, ಯಾರು ಓದುತ್ತಾರೆ ಎಂದೆ. ಆ ಮಾತಿಗೆ ಈಗಲೂ ನನಗೆ ನಾಚಿಕೆಯಾಗುತ್ತದೆ.

“ಒಬ್ಬ ಮನುಷ್ಯನ್ನ ಲೋಕಕ್ಕೇ ಕೆಟ್ಟೋನು ಅಂತ ಸುಳ್ಳು ಬರುದು ಡಾಕ್ಟ್ರು ಅನ್ನುಸ್ಕಳಾದಾ?” ಎಂದರು.

ಆ ಎರಡು ದಿನ ಕೂತು ಅವರು ಬರೆದದ್ದು ಪ್ರಬಂಧವನ್ನಲ್ಲ. ಮಾಲೀಕರಿಗೆ ಕೊಡಲು ಹನ್ನೊಂದು ಪುಟದ ರುಜುವಾತು. ಜೊತೆಗೆ ನಾನೂ ಹೋದೆ. ಮಾಲೀಕರು ಪುಟ ತಿರುವಿದರು.

“ಏನೈತೆ ಸಾ ಇದ್ರಲ್ಲಿ?”

“ಜವರಪ್ಪನ್ಗಿಂತ ಕೆಟ್ಟ ಡ್ರೈವರ್ ಇನ್ನೊಬ್ಬ ಅವ್ನೆ ಅಂತ ಸಾಧಿಸಿವ್ನಿ.”

“ಅವ್ನೆ ಸಾ. ಈಗ ಜವರಪ್ಪನ ಜಾಗಕ್ಕೆ ಬಂದವ್ನಲ್ಲ, ಅವ್ನೇಯ,” ಎಂದು ನಿಟ್ಟುಸಿರಿಟ್ಟು ಮಾಲೀಕರು ಜವರಪ್ಪನಿಗೆ ಫೋನ್ ಮಾಡಿದರು.

ನೋಂದಣಿ ರದ್ದಾಯಿತು. ನಾನು ಮೇಷ್ಟ್ರನ್ನು ಕೊನೆಯ ಸಲ ನೋಡಿದ್ದು ಅವರ ನಿವೃತ್ತಿಯ ದಿನ. ಆ ವರ್ಷವೇ ತೀರಿಹೋದರು. ನಿವೃತ್ತಿಯ ಸಂಜೆ ಅವರು ಸನ್ಮಾನದ ಹಾರವನ್ನು ಚೀಲಕ್ಕೆ ತುರುಕಿಕೊಂಡು ಬಸ್ಸು ಹತ್ತಿದಾಗ ಜವರಪ್ಪ ಸ್ಟೇರಿಂಗ್ ಬಿಟ್ಟು ಎದ್ದು ಕೂಗಿದ:

“ಡಾಕ್ಟ್ರು ಬಂದವ್ರೆ, ಜಾಗ ಬುಡ್ರಪ್ಪಾ!”

“ಇಲ್ಲ ಕಣೋ ಜವರಪ್ಪ,” ಎಂದರು ಮೇಷ್ಟ್ರು. “ಅದ್ನ ಯಾರೂ ಕೊಡ್ಲಿಲ್ಲ.”

“ನಾನ್ ಕೊಟ್ರೆ ಆಗಕಿಲ್ವಾ ಸಾ?”